ದ್ರಾಕ್ಷಿಯ ಕಲೆ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕಲಾವಿದೆ ಎಂದೇ ಕರೆಯುತ್ತಿದ್ದರು. ಅವಳು ಹಾಡಿದವಳಲ್ಲ, ಕುಣಿದವಳಲ್ಲ, ಕುಂಚ ಹಿಡಿದವಳೂ ಅಲ್ಲ. ಹದಿಮೂರು ವರ್ಷದಿಂದ ಬಟ್ಟೆಯ ಮೇಲಿನ ಕಲೆ ತೆಗೆಯುವುದೇ ಅವಳ ಕೆಲಸ. ಸೇರಿದ ಹೊಸದರಲ್ಲಿ ಯಜಮಾನರು ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡುಬಿಟ್ಟಿತು. ಎಷ್ಟು ಉಜ್ಜಿದರೂ ಹೋಗದ ಕಲೆ ಅದೊಂದೇ ಎಂದು ಅವಳೂ ನಗುತ್ತಿದ್ದಳು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ಕಡೆ ಬಾಯ್ಲರ್, ಇನ್ನೊಂದು ಕಡೆ ಸಾಲಾಗಿ ಇಸ್ತ್ರಿ ಮೇಜುಗಳು. ನಡುವಿನ ಕಿಟಕಿಯ ಕೆಳಗೆ ಇವಳ ಕಲ್ಲುಹಾಸಿನ ಮೇಜು. ಅದರ ಮೇಲೆ ವಿನೆಗರ್, ಸ್ಪಿರಿಟ್, ಸೋಡಾಪುಡಿಯ ಸೀಸೆಗಳು, ನಾಲ್ಕು ಬಗೆಯ ಬ್ರಷ್ಷುಗಳು. ಯಾರಾದರೂ ಬಟ್ಟೆ ತಂದುಕೊಟ್ಟರೆ ಮೊದಲು ಬೆಳಕಿಗೆ ಹಿಡಿಯುವಳು, ಮೂಸುವಳು, ಬೆರಳು ಒದ್ದೆ ಮಾಡಿ ಮೆಲ್ಲಗೆ ಒತ್ತಿ ನೋಡುವಳು. ಆಮೇಲೆ ತೀರ್ಪು. "ಇದು ಟೀ. ಹಾಲು ಹಾಕಿದ ಟೀ. ಮೂರು ದಿನ ಆಗಿದೆ."

ಒಮ್ಮೆ ಒಬ್ಬ ಹೆಂಗಸು ಗಂಡನ ಅಂಗಿ ತಂದು, "ಎಣ್ಣೆ ಇರಬೇಕು ನೋಡಿ" ಎಂದಳು. ಕಲಾವಿದೆ ಬೆರಳು ಒತ್ತಿ ನೋಡಿ, "ಎಣ್ಣೆ ಅಲ್ಲ, ಸಕ್ಕರೆ ಪಾಕ. ನಿನ್ನೆ ಸಂಜೆಯದು" ಎಂದುಬಿಟ್ಟಳು. ಗಂಡನಿಗೆ ಸಕ್ಕರೆ ಕಾಯಿಲೆ. ಪಾಪ, ಆ ಮನುಷ್ಯ ಮತ್ತೆ ಮೂರು ತಿಂಗಳು ಲಾಂಡ್ರಿಯ ಬೀದಿಗೇ ಕಾಲಿಡಲಿಲ್ಲ. ಈ ಕತೆಯನ್ನು ಯಜಮಾನರು ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಹೇಳುವಾಗ ಕಲಾವಿದೆ ತಲೆ ಎತ್ತದೆ ಬ್ರಷ್ ಆಡಿಸುತ್ತಿದ್ದಳು. ಆದರೆ ಕಿವಿ ಮಾತ್ರ ಪೂರಾ ಆ ಕಡೆಗೇ ಇರುತ್ತಿತ್ತು. ತಾನು ಹೇಳಿದ್ದು ತಪ್ಪಾಗಲಾರದು ಎನ್ನುವುದು ಅವಳ ಮೈಗೆ ಹತ್ತಿಹೋಗಿತ್ತು.

ಮನೆಯಲ್ಲಿ ಗಂಡ, ಏಳು ವರ್ಷದ ಮಗಳು. ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು, ಅವಸರ ಅಂದರೇನೆಂದು ಅರಿಯದ ಆಸಾಮಿ. ಮಗಳು ಎರಡನೇ ಕ್ಲಾಸು. ಕಾಳು ಹೆಕ್ಕಿದಂತೆ ಊಟ ಮಾಡುತ್ತಾಳೆಂದು ಅವಳಿಗೆ ಗುಬ್ಬಿ ಎಂದು ಹೆಸರು.

ಆ ವರ್ಷ ಬೇಸಿಗೆ ಬೇಗ ಬಂತು. ಶಾಲೆಯಲ್ಲಿ ಮಕ್ಕಳ ಊಟದ ಚೀಲಗಳನ್ನು ಬೆಳಿಗ್ಗೆಯೇ ಊಟದ ಕೋಣೆಯ ಕಪಾಟಿನಲ್ಲಿ ಇಡಿಸಿಕೊಳ್ಳುತ್ತಿದ್ದರು. ಕಪಾಟಿಗೆ ನೇರವಾಗಿ ಬಿಸಿಲು.

"ಅಮ್ಮಾ, ಜ್ಯೂಸು ಸ್ನಾನದ ನೀರಿನ ಥರ ಇರತ್ತೆ" ಎಂದಳು ಗುಬ್ಬಿ ಒಂದು ಸಂಜೆ.

ಬಾಯ್ಲರ್ ಪಕ್ಕ ದಿನವಿಡೀ ಬೇಯುವವಳಿಗೆ ಮಗಳ ಗಂಟಲಿಗೆ ಬಿಸಿ ಜ್ಯೂಸು ಇಳಿಯುತ್ತದೆ ಎಂದರೆ ಹೇಗೆ ತಡೆದೀತು? ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಕಳಿಸಿದಳು. ಹೋಂವರ್ಕ್ ಪುಸ್ತಕ ತೊಯ್ದು ತೊಪ್ಪೆಯಾಯಿತು. ಸ್ಟೀಲಿನ ಫ್ಲಾಸ್ಕ್ ಕೊಟ್ಟಳು. ಅದರ ಭಾರಕ್ಕೆ ಗುಬ್ಬಿ ಒಂದು ಕಡೆಗೆ ವಾಲಿಕೊಂಡು ನಡೆಯತೊಡಗಿದಳು, ಮೂರನೇ ದಿನ ಅದರ ಮುಚ್ಚಳವೇ ಮುರಿಯಿತು. ಕಡೆಗೆ ಇಸ್ತ್ರಿ ಮೇಜಿನ ಗೆಳತಿಯೊಬ್ಬಳು, "ರಾತ್ರಿನೇ ಬಾಟಲಿ ಫ್ರೀಜರ್‌ಗೆ ಹಾಕಿಡು. ಬೆಳಿಗ್ಗೆ ಕಲ್ಲಾಗಿರತ್ತೆ. ಊಟದ ಹೊತ್ತಿಗೆ ಕರಗಿ ತಣ್ಣಗೆ ಇರತ್ತೆ" ಎಂದು ದಾರಿ ತೋರಿಸಿದಳು.

ಅಂದಿನಿಂದ ಅದೇ ಕ್ರಮ. ಕಪ್ಪು ದ್ರಾಕ್ಷಿ ಕುದಿಸಿ, ಹಿಂಡಿ, ಸಕ್ಕರೆ ಬೆರೆಸಿ, ಬಾಟಲಿಯ ಕುತ್ತಿಗೆ ಬಿಟ್ಟು ತುಂಬಿ ಫ್ರೀಜರ್‌ಗೆ. ಬೆಳಿಗ್ಗೆ ಹಳೆಯ ಉಣ್ಣೆಯ ಕಾಲುಚೀಲದೊಳಗೆ ತುರುಕಿ ಊಟದ ಚೀಲಕ್ಕೆ. "ಊಟದ ಗಂಟೆ ಹೊಡೆಯೋವರೆಗೆ ಮುಚ್ಚಳ ಮುಟ್ಟಬಾರದು, ಗೊತ್ತಾಯ್ತಾ?" ಎಂದು ದಿನವೂ ಎಚ್ಚರಿಕೆ. ಗುಬ್ಬಿ ದಿನವೂ ತಲೆಯಾಡಿಸುವಳು.

ಮೊದಲ ನಾಲ್ಕು ದಿನ ಎಲ್ಲ ಸರಿ. ಐದನೆಯ ದಿನ ಗುಬ್ಬಿ ಮುಖ ಸಪ್ಪೆ ಮಾಡಿಕೊಂಡು ಬಂದಳು. "ಜ್ಯೂಸಲ್ಲಿ ಸಿಹಿನೇ ಇರಲಿಲ್ಲ. ಬರೀ ನೀರು." ಬಾಟಲಿಯ ತಳದಲ್ಲಿ ಉಳಿದದ್ದನ್ನು ಕಲಾವಿದೆ ಬಾಯಿಗೆ ಹಾಕಿಕೊಂಡು ನೋಡಿದಳು. ನಿಜ, ಬಟ್ಟೆ ಜಾಲಿಸಿದ ನೀರಿನ ಹಾಗಿತ್ತು. ಮರುದಿನ ಸಕ್ಕರೆ ಹೆಚ್ಚು ಹಾಕಿದಳು. ಆಗಲೂ ಅಷ್ಟೇ.

"ನೀನು ಮಧ್ಯದಲ್ಲಿ ಕುಡಿದ್ಯಾ?"

"ಇಲ್ಲಪ್ಪ" ಎಂದಳು ಗುಬ್ಬಿ, ನೆಲ ನೋಡುತ್ತ.

"ಮತ್ತೆ ಬಾಟಲಿ ಯಾರು ಮುಟ್ತಾರೆ?"

"ಆಯಮ್ಮ. ಅವರೇ ಎಲ್ಲರ ಚೀಲ ಜೋಡಿಸಿ ಇಡೋದು."

ಅಷ್ಟು ಸಾಕಾಯಿತು. ಅರ್ಧ ಕುಡಿದು, ಗೊತ್ತಾಗದಿರಲಿ ಎಂದು ನಲ್ಲಿ ನೀರು ತುಂಬಿಡುತ್ತಾಳೆ! ಕಲಾವಿದೆಯ ತಲೆಯಲ್ಲಿ ಲೆಕ್ಕ ಚೊಕ್ಕಟವಾಗಿ ಕೂತಿತು. ಗಂಡ ರಟ್ಟಿಗೆ ಅಂಟು ಸವರುತ್ತ, "ನೀನು ಕಣ್ಣಾರೆ ನೋಡಿದ್ದೀಯೇನೇ?" ಎಂದ. "ನೋಡ್ತೀನಿ ಬಿಡಿ" ಎಂದಳು ಇವಳು.

ಮರುದಿನ ಲಾಂಡ್ರಿಯಲ್ಲಿ ಒಂದು ಗಂಟೆ ಬಿಡುವು ಕೇಳಿಕೊಂಡು, ಊಟದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದಳು. ಊಟದ ಕೋಣೆಯಲ್ಲಿ ನಲವತ್ತು ಮಕ್ಕಳು, ಗಿಜಿಗಿಜಿ. ಆಯಮ್ಮ ಚೀಲಗಳನ್ನು ಒಬ್ಬೊಬ್ಬರಿಗೇ ಎತ್ತಿಕೊಡುತ್ತಿದ್ದಳು. ಅರವತ್ತರ ಆಸುಪಾಸಿನ ಹೆಂಗಸು, ಸಣ್ಣ ಮೈಕಟ್ಟು, ಮೇಲೊಂದು ಬಿಳಿ ಏಪ್ರನ್. ಆ ಏಪ್ರನ್ನಿನ ಎಡಗಡೆ, ಸೊಂಟದ ಮೇಲೆ, ಅಂಗೈಯಗಲದ ನೇರಳೆ ಕಲೆ.

ಕಲಾವಿದೆಗೆ ಬೆಳಕಿಗೆ ಹಿಡಿದು ನೋಡುವ ಅಗತ್ಯವೂ ಬೀಳಲಿಲ್ಲ.

"ಇದೇನು ಕಲೆ ಆಯಮ್ಮ?"

ಆಯಮ್ಮ ಬಗ್ಗಿ ನೋಡಿಕೊಂಡಳು. "ಇದಾ? ಗುಬ್ಬಿಮರಿ ಬಾಟಲಿ ಒರೆಸಿದೆ ತಾಯಿ. ಸೋರ್ತಾ ಇತ್ತು. ಪಕ್ಕದ ಮಗು ಚೀಲ ಒದ್ದೆಯಾಗತ್ತಲ್ಲ ಅಂತ…"

"ಐಸು ಕರಗಿದ ನೀರು ಹೀಗೆ ಕಲೆ ಆಗಲ್ಲ. ಇದು ಅಪ್ಪಟ ರಸ. ಇವತ್ತು ಬೆಳಗಿನದು, ಇನ್ನೂ ಎರಡು ಗಂಟೆ ಆಗಿಲ್ಲ." ಗುಬ್ಬಿಯ ಕೈಯಿಂದ ಬಾಟಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. "ಇದರಲ್ಲಿ ಏನಿದೆ ನೋಡಿ. ತೊಳೆದ ನೀರು! ನಾನು ತುಂಬಿದ ರಸ ಎಲ್ಲಿ ಹೋಯ್ತು?"

ಗಿಜಿಗಿಜಿ ನಿಂತಿತು. ಒಬ್ಬ ಹುಡುಗ ಕಚ್ಚಿದ ಬ್ರೆಡ್ಡನ್ನು ಬಾಯಲ್ಲೇ ಇಟ್ಟುಕೊಂಡು ನೋಡುತ್ತಿದ್ದ. ಗದ್ದಲ ಕೇಳಿ ಹೆಡ್ ಮೇಡಂ ಬಂದರು. ಕಲಾವಿದೆ ಅವರ ಮುಂದೆ ಇನ್ನೊಮ್ಮೆ ಎಲ್ಲ ಬಿಡಿಸಿ ಹೇಳಿದಳು. "ಹದಿಮೂರು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೀನಿ ಮೇಡಂ. ಮನುಷ್ಯರು ಸುಳ್ಳು ಹೇಳಬಹುದು, ಕಲೆ ಹೇಳಲ್ಲ."

ಆಯಮ್ಮ ಒಮ್ಮೆ ಗುಬ್ಬಿಯ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದಳು. ತಪ್ಪಿತಸ್ಥರು ಹೀಗೇ ಮಾತು ನುಂಗುತ್ತಾರೆ ಎಂದುಕೊಂಡಳು ಕಲಾವಿದೆ. ಅಷ್ಟರಲ್ಲಿ ಆಯಮ್ಮನ ಕೈಯಲ್ಲಿದ್ದ ಊಟದ ಚೀಲವನ್ನು ಅದರ ಒಡತಿ, ಒಂದು ಪುಟ್ಟ ಹುಡುಗಿ, ಸರಕ್ಕನೆ ಕಿತ್ತುಕೊಂಡು ಎದೆಗೆ ಅವಚಿಕೊಂಡಳು.

ವಿಚಾರಣೆ ಮುಗಿಯುವವರೆಗೆ ಬರುವುದು ಬೇಡ ಎಂದು ಮೇಡಂ ಆಯಮ್ಮನನ್ನು ಮನೆಗೆ ಕಳಿಸಿದರು. ಆಯಮ್ಮ ಏಪ್ರನ್ ಬಿಚ್ಚಿ, ಮಡಿಸಿ, ಕಪಾಟಿನ ಮೇಲಿಟ್ಟು ಹೋದಳು.

ಆ ಮಧ್ಯಾಹ್ನ ಲಾಂಡ್ರಿಯಲ್ಲಿ ಕಲಾವಿದೆ ಈ ಕತೆಯನ್ನು ಮೂರು ಸಲ ಹೇಳಿದಳು. ಯಜಮಾನರು ಮೇಜು ತಟ್ಟಿ, "ನೀನು ಪೊಲೀಸಿನಲ್ಲಿ ಇರಬೇಕಿತ್ತು ಕಣಮ್ಮ" ಎಂದರು. ಮುಂದಿನ ಮೂರು ದಿನ ಗುಬ್ಬಿಯ ಜ್ಯೂಸು ಸಿಹಿಯಾಗೇ ಇತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾಲ್ಕನೇ ದಿನ ಮತ್ತೆ ನೀರು.

"ಈ ಹೊಸ ಆಯಮ್ಮನೂ ಕಳ್ಳಿನೇ!" ಎಂದು ಸಿಡಿದಳು ಕಲಾವಿದೆ.

ಗಂಡ ನಕ್ಕುಬಿಟ್ಟ. "ಏನೇ ಇದು, ಇಡೀ ಶಾಲೆಗೆ ಶಾಲೆಯೇ ನಿನ್ನ ದ್ರಾಕ್ಷಿ ರಸಕ್ಕೆ ಬಾಯಿಬಿಟ್ಕೊಂಡು ಕೂತಿದೆಯಾ?"

ಅವಳಿಗೆ ನಗು ಬರಲಿಲ್ಲ. ಎಲ್ಲೋ ಒಂದು ಹೊಲಿಗೆ ಬಿಟ್ಟುಕೊಂಡ ಹಾಗೆ ಅನ್ನಿಸಿತು.

ಮರುದಿನ ಗುಬ್ಬಿಗೆ ರಜೆ. ಅಭ್ಯಾಸಬಲದಿಂದ ಫ್ರೀಜರ್‌ಗೆ ಹಾಕಿದ್ದ ಬಾಟಲಿ ಹಾಗೇ ಇತ್ತು. ಸುಮ್ಮನೆ ಯಾಕೆ ಎಂದು ಕಲಾವಿದೆ ಅದನ್ನು ಕಾಲುಚೀಲದ ಸಮೇತ ಲಾಂಡ್ರಿಗೆ ಒಯ್ದು ಕಿಟಕಿಯಲ್ಲಿಟ್ಟಳು. ಹತ್ತೂವರೆಗೆ ಬಾಯಾರಿತು. ಮುಚ್ಚಳ ತೆಗೆದು, ಕರಗಿದ್ದಷ್ಟನ್ನು ಬಾಯಿಗೆ ಸುರಿದುಕೊಂಡಳು. ಅಬ್ಬಾ, ಎಂಥ ಸಿಹಿ! ನಾಲಿಗೆಗೆ ಅಂಟುವಷ್ಟು ಮಂದ. ಇಷ್ಟು ಸಕ್ಕರೆ ಹಾಕಿದ್ದೆನೇ ಎಂದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು ಗುಟುಕು. ಊಟದ ಹೊತ್ತಿಗೆ ಮತ್ತೆ ಎತ್ತಿಕೊಂಡಾಗ ಬಾಟಲಿಯೊಳಗೆ ಉಳಿದಿದ್ದದ್ದು ಒಂದು ಐಸಿನ ಗಟ್ಟಿ, ಹೆಚ್ಚುಕಡಿಮೆ ಬೆಳ್ಳಗಿತ್ತು. ಅದರ ಸುತ್ತ ಕರಗಿದ್ದ ನೀರನ್ನು ಕುಡಿದಳು. ನೀರೇ.

ಬಾಟಲಿಯನ್ನು ಯಾರೂ ಮುಟ್ಟಿರಲಿಲ್ಲ. ಬೆಳಗಿನಿಂದ ಅವಳ ಕಣ್ಣೆದುರಿಗೇ ಇತ್ತು.

ಬಣ್ಣ ಬಿಡುವುದು ಅಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿದ ಬಟ್ಟೆಯಿಂದ ಬಣ್ಣ ಮೊದಲು ಇಳಿದು ನೀರಿಗೆ ಬರುತ್ತದೆ, ಬಟ್ಟೆ ಬಿಳಿಚಿಕೊಂಡು ಉಳಿಯುತ್ತದೆ. ಇಲ್ಲಿಯೂ ಹಾಗೇ. ಸಿಹಿಯೂ ಬಣ್ಣವೂ ಮೊದಲು ಕರಗಿ ಬರುತ್ತವೆ; ಅದನ್ನು ಯಾರಾದರೂ ಕುಡಿದುಬಿಟ್ಟರೆ ಹಿಂದೆ ಉಳಿಯುವುದು ಬರೀ ನೀರಿನ ಐಸು. ಮುಚ್ಚಳದ ಸಂದಿನಿಂದ ಬೆಳಿಗ್ಗೆ ಸೋರಿದ್ದರೆ ಸೋರಿದ್ದು ಅಪ್ಪಟ ರಸವೇ. ಅದನ್ನು ಒರೆಸಿದವರ ಬಟ್ಟೆಗೆ ಅಪ್ಪಟ ಕಲೆಯೇ ಆಗಬೇಕು.

ಅವಳು ಕಲೆಯನ್ನು ಸರಿಯಾಗಿಯೇ ಗುರುತಿಸಿದ್ದಳು. ಆ ನೆನಪು ಬರುತ್ತಲೇ ಕತ್ತಿನಿಂದ ಕಿವಿಯ ತುದಿಯವರೆಗೆ ಬಿಸಿ ಏರಿತು. ಬಾಯ್ಲರಿನ ಬಿಸಿಯಲ್ಲ. "ಯಾಕೆ, ಹುಷಾರಿಲ್ವಾ?" ಎಂದು ಗೆಳತಿ ಕೇಳಿದರೆ, ಏನೂ ಇಲ್ಲ ಎಂದು ತಲೆಯಾಡಿಸಿದಳು.

ಸಂಜೆ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಸಣ್ಣ ಬಿಡುವಿನಲ್ಲಿ ಜ್ಯೂಸು ಕುಡೀತಿದ್ಯಾ ಮರಿ? ಬೈಯಲ್ಲ, ಹೇಳು."

"ಎರಡೇ ಗುಟುಕು."

"ಎರಡೇನಾ?"

ಗುಬ್ಬಿ ಅಮ್ಮನ ಬಳೆ ತಿರುಗಿಸುತ್ತ, "ಸಿಹಿ ಮುಗಿಯೋವರೆಗೆ" ಎಂದಳು. ಆಮೇಲೆ ಅಳುತ್ತ, "ಆಯಮ್ಮ ನೋಡಿದ್ರು. ಆದ್ರೂ ನಿಂಗೆ ಹೇಳಲಿಲ್ಲ. ಅವರು ಹೋದ ಮೇಲೆ ಹೆದ್ರಿ ಮೂರು ದಿನ ಮುಟ್ಟಲೇ ಇಲ್ಲ" ಎಂದಳು.

ತಕ್ಷಣ ಎದ್ದು ಹೋಗಿ ಕೈಮುಗಿದಳೇ ಎಂದರೆ, ಇಲ್ಲ. ಮೂರು ದಿನ ಕಳೆದಳು. ಮೊದಲ ದಿನ ಕೆಲಸ ಜಾಸ್ತಿ ಎಂದುಕೊಂಡಳು. ಎರಡನೇ ದಿನ ಹೇಗೂ ವಿಚಾರಣೆಯಲ್ಲಿ ನಿಜ ಹೊರಗೆ ಬರುತ್ತದೆ ಎಂದುಕೊಂಡಳು. ಮೂರನೇ ದಿನ ಲಾಂಡ್ರಿಗೆ ಪರದೆ ಕೊಡಲು ಬಂದ ಹೆಂಗಸೊಬ್ಬಳು, "ಶಾಲೆ ಕಳ್ಳಿಯನ್ನ ಹಿಡಿದವರು ನೀವೇ ಅಲ್ವಾ? ನಮ್ಮ ಮಗಳೂ ಅಲ್ಲೇ ಓದೋದು. ಒಳ್ಳೆ ಕೆಲಸ ಮಾಡಿದ್ರಿ" ಎಂದು ಎಲ್ಲರೆದುರು ಹೊಗಳಿದಳು. ಕಲಾವಿದೆ ಪರದೆಯ ಮಡಿಕೆ ಬಿಡಿಸುವ ನೆವದಲ್ಲಿ ಮುಖ ಮರೆಮಾಡಿಕೊಂಡಳು. ಅಲ್ಲ, ಹಾಗಲ್ಲ ಎನ್ನುವ ಎರಡು ಮಾತು ಬಾಯಿಗೆ ಬರಲಿಲ್ಲ. ಅದೇ ಅವಳಿಗೆ ಆಮೇಲೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಆ ದಿನವೇ ಗಂಡನಿಗೆ ಎಲ್ಲ ಹೇಳಿದಳು. ಅವನು ನಗಲಿಲ್ಲ. "ಜೊತೆಗೆ ಬರಲಾ?" ಎಂದ.

"ಬೇಡ. ತಪ್ಪು ಮಾಡೋವಾಗ ಒಬ್ಬಳೇ ಹೋಗಿದ್ದೆನಲ್ಲ."

ಮರುದಿನ ಶಾಲೆಯಲ್ಲಿ ಹೆಡ್ ಮೇಡಂ ಎಲ್ಲ ಕೇಳಿಸಿಕೊಂಡು ಒಂದು ನಿಮಿಷ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತರು. "ಹೋಗಲಿ ಬಿಡಿ, ಆಗತ್ತೆ ಇಂಥದ್ದು. ಸೋಮವಾರದಿಂದ ಬರೋಕೆ ಹೇಳಿ ಕಳಿಸ್ತೀನಿ. ದೊಡ್ಡದು ಮಾಡೋದು ಬೇಡ." ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ಕಲಾವಿದೆಯ ಒಳಗಿನ ಅರ್ಧ ಜೀವ ಹಗುರಾಯಿತು. ಸದ್ದಿಲ್ಲದೆ ಮುಗಿಯುತ್ತದಲ್ಲ! ಬಾಗಿಲವರೆಗೂ ಹೋದವಳು ಹಿಂದಿರುಗಿ ಬಂದಳು. "ದೊಡ್ಡದು ಮಾಡಿದ್ದು ನಾನೇ ಮೇಡಂ. ಅವರ ಮನೆ ಎಲ್ಲಿ ಅಂತ ಹೇಳಿ."

ಸೈಕಲ್ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಆಯಮ್ಮ ನೆಲದ ಮೇಲೆ ಕೂತು ಅಂಗಡಿಗಳಿಗೆ ಕಾಗದದ ಪೊಟ್ಟಣ ಅಂಟಿಸುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಕಲಾವಿದೆ ನಿಂತೇ ಹೇಳಿದಳು. ಐಸು, ಸಿಹಿ, ಮೊದಲು ಕರಗುವುದು, ಕಿಟಕಿಯಲ್ಲಿಟ್ಟ ಬಾಟಲಿ, ಗುಬ್ಬಿಯ ಗುಟುಕು. ಹೇಳುತ್ತ ಹೇಳುತ್ತ, ಇದೆಲ್ಲ ಐಸಿನದೇ ತಪ್ಪು ಎನ್ನುವ ಹಾಗೆ ಕೇಳಿಸುತ್ತಿದೆ ಎಂದು ಅವಳಿಗೇ ಅನ್ನಿಸಿ ನಿಲ್ಲಿಸಿದಳು. "ತಪ್ಪು ನನ್ನದು ಆಯಮ್ಮ."

ಆಯಮ್ಮ ಒಂದು ಪೊಟ್ಟಣ ಅಂಟಿಸಿ ಮುಗಿಸಿದಳು. "ಕಲೆ ನೋಡಿ ಹೇಳಿದ್ರಿ. ಸರಿಯಾಗೇ ಹೇಳಿದ್ರಿ. ನನ್ನ ಒಂದು ಮಾತು ಕೇಳಬಹುದಿತ್ತು."

"ಗುಬ್ಬಿ ಕುಡಿದಿದ್ದು ನೀವು ನೋಡಿದ್ರಂತೆ. ಯಾಕೆ ಹೇಳಲಿಲ್ಲ?"

"ಮಗು ಮುಖ ಬಿಳಿಚಿಕೊಂಡಿತ್ತು. ಅಷ್ಟು ಜನರ ಮುಂದೆ ಅದನ್ನ ಸುಳ್ಳುಗಾತಿ ಮಾಡೋದಾ ಅಂತ ಸುಮ್ಮನಾದೆ. ನನ್ನನ್ನೇ ಮನೆಗೆ ಕಳಿಸ್ತಾರೆ ಅಂತ ನಂಗೇನು ಗೊತ್ತು? ಆಮೇಲೆ ಮೇಡಂಗೆ ಹೇಳಿದೆ. ಈಗ ಮಗು ಮೇಲೆ ಹಾಕ್ತೀಯಾ ಅಂದ್ರು." ಅಂಟಿನ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. "ಮಗುಗೆ ಏಳು ವರ್ಷ. ಹೆದರಿಕೊಂಡಿತು. ನಿಮಗೆಷ್ಟು ವಯಸ್ಸು?"

ಆಯಮ್ಮ ಇನ್ನೊಂದು ಕಾಗದ ಎತ್ತಿಕೊಂಡಳು.

"ಕೆಲಸ ಹೋದ್ರೆ ಇನ್ನೊಂದು ಸಿಗತ್ತೆ, ಬಿಡಿ. ಆ ಪುಟ್ಟ ಹುಡುಗಿ ನನ್ನ ಕೈಯಿಂದ ಚೀಲ ಕಿತ್ಕೊಂಡಳಲ್ಲ, ಅವಳಿಗೆ ನಾನೇ ದಿನಾ ಡಬ್ಬಿ ಮುಚ್ಚಳ ತೆಗೆದುಕೊಡ್ತಿದ್ದೆ. ನನಗೆ ಹೇಳಿದ್ದು ಆಯ್ತು. ಆ ಮಕ್ಕಳಿಗೆ ಹೇಳಿ."

ಸೋಮವಾರ ಕಲಾವಿದೆ ಊಟದ ಕೋಣೆಯ ನಡುವೆ ನಿಂತಳು. ಕೈಯಲ್ಲಿ ಐಸುಗಟ್ಟಿದ ಬಾಟಲಿ, ಎರಡು ಗಾಜಿನ ಲೋಟ. ಮೇಡಂ ಒಲ್ಲದ ಮನಸ್ಸಿನಿಂದ ಬಾಗಿಲ ಬಳಿ ನಿಂತಿದ್ದರು. ಆಯಮ್ಮ ಕಪಾಟಿನ ಪಕ್ಕ, ಒಗೆದ ಏಪ್ರನ್ನಿನಲ್ಲಿ. ಕಲಾವಿದೆ ಬೆಳಿಗ್ಗೆ ಕರಗಿದ್ದನ್ನು ಒಂದು ಲೋಟದಲ್ಲಿ ತೆಗೆದಿಟ್ಟಿದ್ದಳು, ಈಗ ಕರಗಿದ್ದನ್ನು ಇನ್ನೊಂದಕ್ಕೆ ಸುರಿದಳು. ಒಂದು ಕಡುನೇರಳೆ, ಒಂದು ಬರೀ ನೀರು.

"ಆ ದಿನ ನಾನು ಆಯಮ್ಮ ಜ್ಯೂಸು ಕುಡಿದ್ರು ಅಂತ ಹೇಳಿದೆ. ಅವರು ಕುಡಿದಿರಲಿಲ್ಲ. ಸಿಹಿ ಎಲ್ಲ ಮೊದಲೇ ಕರಗಿ ಹೋಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ." ಗುಬ್ಬಿಯ ಹೆಸರು ಎತ್ತಲಿಲ್ಲ. ಆದರೂ ಗುಬ್ಬಿ ಮೇಜಿನ ಮೇಲೆ ತಲೆಯಿಟ್ಟು ಎರಡೂ ತೋಳಿನಿಂದ ಮುಚ್ಚಿಕೊಂಡಿದ್ದಳು.

ಮುಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಾಗಾದ್ರೆ ಆಂಟಿ, ನೀವು ಸುಳ್ಳು ಹೇಳಿದ್ರಾ?"

ಗೊತ್ತಿದ್ದು ಹೇಳಿದರೆ ಮಾತ್ರ ಸುಳ್ಳು ಎನ್ನುವ ಉತ್ತರ ತುದಿನಾಲಿಗೆಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡಳು. "ಹೌದು ಮರಿ. ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ಹೇಳಿದೆ."

ಚೀಲ ಕಿತ್ತುಕೊಂಡಿದ್ದ ಪುಟ್ಟ ಹುಡುಗಿ ಡಬ್ಬಿ ಹಿಡಿದುಕೊಂಡು ಎದ್ದು ಬಂದಳು, ಆಯಮ್ಮನ ಮುಂದೆ ಚಾಚಿದಳು. ಆಯಮ್ಮ ಮುಚ್ಚಳ ತೆಗೆದುಕೊಟ್ಟಳು. ಕಲಾವಿದೆ ಲೋಟಗಳನ್ನು ಎತ್ತಿಕೊಂಡು ಹೊರಗೆ ಬರುವಾಗ ಆಯಮ್ಮ ಮೆಲ್ಲಗೆ ಹೇಳಿದಳು: "ನಿಮ್ಮ ಮಗು ಬಾಟಲಿ ಮಗುನೇ ಇಟ್ಕೊಳ್ಳಲಿ. ನಾನು ಮುಟ್ಟಲ್ಲ."

ಹಾಗೇ ನಡೆಯಿತು. ಕಲಾವಿದೆ ಈಗ ಬಾಟಲಿಯಲ್ಲಿ ನೀರನ್ನಷ್ಟೇ ಐಸು ಮಾಡಿ, ಅದರ ಪಕ್ಕ ಜ್ಯೂಸಿನ ಬಾಟಲಿ ಇಟ್ಟು, ಎರಡಕ್ಕೂ ಒಂದೇ ಟವೆಲ್ ಸುತ್ತಿ ಕಳಿಸುತ್ತಾಳೆ. ಊಟದ ಹೊತ್ತಿಗೆ ತಣ್ಣಗಿರುತ್ತದೆ, ಸಿಹಿಯೂ ಇರುತ್ತದೆ. ಉಳಿದ ಮೂವತ್ತೊಂಬತ್ತು ಚೀಲಗಳನ್ನು ಆಯಮ್ಮ ಕಪಾಟಿನಲ್ಲಿ ಜೋಡಿಸುತ್ತಾಳೆ. ಗುಬ್ಬಿ ಮಾತ್ರ ತನ್ನದನ್ನು ತಾನೇ ತುದಿಗಾಲಿನಲ್ಲಿ ನಿಂತು ಮೇಲಿಡಬೇಕು. ಬೆಳಿಗ್ಗೆ ಗುಬ್ಬಿಯನ್ನು ಬಿಡಲು ಬಂದಾಗೆಲ್ಲ ಕಲಾವಿದೆ ಇದನ್ನು ಕಿಟಕಿಯಿಂದ ನೋಡುತ್ತಾಳೆ. ದೂರುವ ಬಾಯಿ ತನಗಿಲ್ಲ ಎಂದು ಅವಳಿಗೆ ಗೊತ್ತು.

ಬೇಸಿಗೆ ಇಳಿಯುವ ಹೊತ್ತಿಗೆ ಗುಬ್ಬಿ ಜ್ವರ ಬಂದು ಮೂರು ದಿನ ಮನೆಯಲ್ಲೇ ಇದ್ದಳು. ಮೂರನೇ ದಿನದ ಸಂಜೆ ತರಕಾರಿ ಅಂಗಡಿಯಲ್ಲಿ ಕಲಾವಿದೆ ಟೊಮೆಟೊ ಆರಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಆಯಮ್ಮ. ಇವಳ ಕೈ ಅಲ್ಲೇ ನಿಂತಿತು.

"ಮಗುಗೆ ಜ್ವರ ಬಿಡ್ತಾ?" ಎಂದಳು ಆಯಮ್ಮ, ಬೀನ್ಸು ಮುರಿದು ನೋಡುತ್ತ.

"ಬಿಡ್ತು. ನಾಳೆ ಬರ್ತಾಳೆ."

"ಹಾಗಾದ್ರೆ ತಣ್ಣಗಿರೋದು ಕಳಿಸಬೇಡಿ ಎರಡು ದಿನ."

"ಇಲ್ಲ, ಕಳಿಸಲ್ಲ."

ಆಯಮ್ಮ ಬೀನ್ಸು ತೂಗಿಸಿಕೊಂಡು ಹೊರಟುಹೋದಳು. ಅಂಗಡಿಯವನು ಏನು ಬೇಕು ಎಂದು ಎರಡು ಸಲ ಕೇಳಿದ ಮೇಲೆ ಕಲಾವಿದೆಗೆ ತನ್ನ ಕೈಯಲ್ಲಿ ಟೊಮೆಟೊ ಇದೆ ಎಂಬುದು ನೆನಪಾಯಿತು. ಏನು ತೆಗೆದುಕೊಳ್ಳಲು ಬಂದಿದ್ದಳೋ ಅದು ಮಾತ್ರ ನೆನಪಾಗಲಿಲ್ಲ.